ನಲವತ್ತೆಂಟು ಸಾವಿರದ ಎಡಗಾಲು

ನಮ್ಮೂರಲ್ಲಿ ಯಾವ ವಸ್ತುವಿಗಾದರೂ ಅದಕ್ಕೆ ಕೊಟ್ಟ ಬೆಲೆಯಷ್ಟೇ ತೂಕ. ಸಾವಿರ ರೂಪಾಯಿಗೆ ನೂರು ಗ್ರಾಂ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಅಂಗಡಿಯವನು ಬಿಲ್ಲು ಹರಿದುಕೊಟ್ಟ ಕ್ಷಣದಲ್ಲಿ ಬಂದು ಕೂತ ತೂಕ ಆ ವಸ್ತು ಹಾಳಾಗಿ ಹೋಗುವವರೆಗೂ ಕದಲುವುದಿಲ್ಲ. ಆಮೇಲೆ ನೀವು ಅದನ್ನು ಅರ್ಧ ಬೆಲೆಗೆ ಮಾರಿ, ಅಳಿಯನಿಗೆ ಉಡುಗೊರೆ ಕೊಡಿ, ಅದು ಹುಟ್ಟಿದ ತೂಕದಲ್ಲೇ ಇರುತ್ತದೆ. ಬೆಲೆ ಕಟ್ಟದ ವಸ್ತುಗಳು, ಅಂದರೆ ಹೊಳೆಯ ನೀರು, ಒಲೆಯ ಬೂದಿ, ಹೆತ್ತ ಮಕ್ಕಳು, ಇವೆಲ್ಲ ಬೇರೆ ಊರುಗಳಲ್ಲಿರುವ ಹಾಗೆ ತಮ್ಮ ಪಾಡಿಗೆ ತಾವಿರುತ್ತವೆ. ಹಾಗಾಗಿ ನಮ್ಮಲ್ಲಿ ಅಕ್ಕಿಬೇಳೆಯನ್ನು ಸೇರು ಪಾವಿನಲ್ಲಿ ಅಳೆದು ಕೊಡುತ್ತಾರೆ. ತಕ್ಕಡಿ ಇರುವುದು ಯಾರು ಎಷ್ಟಕ್ಕೆ ಮೋಸಹೋಗಿ ಬಂದರು ಅಂತ ನೋಡುವುದಕ್ಕೆ.

ಇಂಥ ಊರಲ್ಲಿ ಮಾನ ಅಂದರೆ ಭಾರ. ಎರಡು ಲಕ್ಷದ ಸರ ಹಾಕಿಕೊಂಡು ಮದುವೆಗೆ ಬರುವ ಹೆಂಗಸಿನ ಹಿಂದೆ ಸರವನ್ನು ಎತ್ತಿ ಹಿಡಿಯಲು ಒಬ್ಬಳು ಆಳು ಬರುತ್ತಾಳೆ. ಆಳು ಇಲ್ಲದವಳು ಕತ್ತು ಬಗ್ಗಿಸಿಕೊಂಡು ನಡೆಯುತ್ತಾಳೆ, ಅದನ್ನೇ ಜನ ವಿನಯ ಅಂತ ಹೊಗಳುತ್ತಾರೆ. ವರ್ಷ ಕಳೆದ ಮೇಲೆ ಕತ್ತು ನೋವು ಅಂತ ಆಸ್ಪತ್ರೆಗೆ ಹೋದರೆ ಇಪ್ಪತ್ತು ಸಾವಿರದ ಕತ್ತಿನ ಪಟ್ಟಿ ಹಾಕಿ ಕಳಿಸುತ್ತಾರೆ. ಅದು ಎರಡು ಕೇಜಿ. ಸರದ ಭಾರ ತಾಳಲಾರದೆ ಹೋದವರ ಕತ್ತಿಗೇ ಇನ್ನೆರಡು ಕೇಜಿ! ನನಗೆ ನಗು ಬರುತ್ತದೆ, ಆದರೆ ಗಟ್ಟಿಯಾಗಿ ನಕ್ಕರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಇನ್ನು ಅಗ್ಗದ ಬೆಲೆಯನ್ನು ಇಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೂರೈವತ್ತು ರೂಪಾಯಿಯ ಚಪ್ಪಲಿ ಕೊಂಡವನು ಬೆಲೆ ಕೇಳಿದರೆ ಅತ್ತಿತ್ತ ನೋಡಿ ಕಿವಿಯ ಹತ್ತಿರ ಬಂದು ಉಸುರುತ್ತಾನೆ.

ನಾನು ಚನ್ನಾಜಮ್ಮ, ಟಪಾಲಿನ ವೀರಭದ್ರಯ್ಯನವರ ಹೆಂಡತಿ. ನಮ್ಮ ಯಜಮಾನರದ್ದು ಊರಿನಲ್ಲೇ ಅತಿ ಹಗುರವಾದ ಕೆಲಸ. ಐದೈದು ರೂಪಾಯಿಯ ಅಂಚೆಚೀಟಿ ಹಚ್ಚಿದ ಕಾಗದಗಳು ನೂರಿದ್ದರೂ ಐವತ್ತೇ ಗ್ರಾಂ ಅಲ್ಲವೇ? ಗಾಳಿ ಬೀಸಿದರೆ ಚೀಲ ಇವರ ಹೆಗಲ ಮೇಲೆ ಬಾವುಟದ ಹಾಗೆ ಆಡುತ್ತಿತ್ತು. ಮೂವತ್ತು ವರ್ಷದಿಂದ ಬೀದಿಯ ಗಂಡಸರು "ಏನ್ ವೀರಭದ್ರಯ್ಯ, ಭಾರ ಜಾಸ್ತಿ ಆಯ್ತಾ? ಕೈ ಕೊಡ್ಲಾ?" ಅಂತ ಹಲ್ಲು ಕಿರಿಯುತ್ತಿದ್ದರು. ಇವರೂ ನಕ್ಕು ಮುಂದೆ ಹೋಗುತ್ತಿದ್ದರು. ನಗುತ್ತಿದ್ದರು ಅಂತ ನಾನೂ ನಂಬಿಕೊಂಡಿದ್ದೆ.

ಹೀಗಿರುವಾಗ ಒಂದು ದಿನ ಇವರು ಸೈಕಲ್ಲಿನಿಂದ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ಮೊಣಕಾಲಿನ ಪಕ್ಕದ ನರ ಜಜ್ಜಿಹೋಗಿ ಎಡಗಾಲಿನ ಪಾದ ಜೋತುಬಿತ್ತು. ಎತ್ತಿ ಇಡೋಣವೆಂದರೆ ಏಳದು. ನಡೆಯುವಾಗ ಬೆರಳುಗಳು ನೆಲ ಗೀರಿಕೊಂಡು ಬರುತ್ತಿದ್ದವು, ಹೊಸ್ತಿಲು ಸಿಕ್ಕರೆ ಮುಗ್ಗರಿಸುತ್ತಿದ್ದರು. ಡಾಕ್ಟರು ನೋಡಿ, ನರ ಚಿಗುರುವುದಕ್ಕೆ ವರ್ಷಗಟ್ಟಲೆ ಬೇಕು, ಅಲ್ಲಿಯವರೆಗೆ ಮೊಣಕಾಲಿನ ಕೆಳಗಿನಿಂದ ಪಾದದವರೆಗೆ ಸ್ಪ್ಲಿಂಟು ಅನ್ನುವ ಪ್ಲಾಸ್ಟಿಕ್ಕಿನ ಆಸರೆ ಹಾಕಿಕೊಂಡರೆ ಪಾದ ನೆಟ್ಟಗೆ ನಿಲ್ಲುತ್ತದೆ, ಎಲ್ಲರ ಹಾಗೆ ನಡೆಯಬಹುದು ಅಂದರು.

ಟಪಾಲು ಕಚೇರಿಯ ಪೋಸ್ಟ್‌ಮಾಸ್ಟರ್ ತಿರುನಾರಾಯಣ ಒಳ್ಳೆಯ ಮನುಷ್ಯ, ಆದರೆ ನಿಯಮದ ಪುಸ್ತಕವನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುವವರು. ಬರುವ ತಿಂಗಳು ಐದನೇ ತಾರೀಕು ಬೆಳಗ್ಗೆ, ಚೀಲ ಹಾಕಿಕೊಂಡು ಕಚೇರಿಯಿಂದ ಗಡಿಯಾರ ಕಂಬದವರೆಗೆ ಹೋಗಿ ಅರ್ಧ ಗಂಟೆಯೊಳಗೆ ಬೀಳದೆ ವಾಪಸು ಬರಬೇಕು. ಬಂದರೆ ಕೆಲಸ ಉಂಟು, ಬರದಿದ್ದರೆ ಬೇರೆಯವರನ್ನು ತಗೊಳ್ಳುತ್ತೇವೆ ಅಂತ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು. ಇವರಿಗೆ ಐವತ್ಮೂರು. ಮನೆಮನೆಯ ಬಾಗಿಲು ಗೊತ್ತು, ಯಾವ ಮನೆಯ ನಾಯಿ ಕಚ್ಚುತ್ತದೆ ಅಂತ ಗೊತ್ತು, ಬೇರೆ ಒಂದು ಕೆಲಸವೂ ಬರುವುದಿಲ್ಲ. ಈ ಕೆಲಸ ಹೋದರೆ ಮನೆಯಲ್ಲಿ ಒಲೆ ಉರಿಯುವುದು ನಿಂತಂತೆಯೇ. ನಾನು ಕ್ಯಾಲೆಂಡರಿನ ಮುಂದೆ ನಿಂತು ಉಳಿದ ದಿನಗಳನ್ನು ಬೆರಳಲ್ಲಿ ಎಣಿಸತೊಡಗಿದೆ.

ಇವರು ಮಾತ್ರ ಜೇಬಿನಿಂದ ವಿಮೆಯ ಕಾರ್ಡು ತೆಗೆದು ನನ್ನ ಮುಖದ ಮುಂದೆ ಹಿಡಿದರು. "ಹೆದರ್ಕೋಬೇಡ ಚನ್ನಾಜಿ. ಒಂಬತ್ತು ವರ್ಷದಿಂದ ಸಂಬಳದಲ್ಲಿ ಹಿಡ್ಕೊಂಡಿದಾರೆ. ಒಂದ್ಸಲಾನೂ ಉಪಯೋಗಿಸಿಲ್ಲ. ಈಗ ನೋಡು ಇದರ ಮಹಿಮೆ."

ನೋಡಿದೆವು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆರ್ಥೋಟಿಕ್ ವಿಭಾಗ ಅಂತ ದೊಡ್ಡ ಬೋರ್ಡು. ಊರವರು ಅದನ್ನು ಪಟ್ಟಿ ರೂಮು ಅನ್ನುತ್ತಾರೆ. ಕತ್ತಿನ ಪಟ್ಟಿ, ಸೊಂಟದ ಬೆಲ್ಟು, ಕಾಲಿನ ಸ್ಪ್ಲಿಂಟು ಎಲ್ಲವೂ ಅಲ್ಲೇ. ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ಕಣ್ಣು ಕೀಳದೆ ಕೇಳಿದಳು.

"ಕ್ಯಾಶಾ, ಇನ್ಶೂರೆನ್ಸಾ?"

"ಎರಡಕ್ಕೂ ಎಷ್ಟೆಷ್ಟು ಆಗುತ್ತೆ ಹೇಳಮ್ಮ," ಅಂದೆ.

"ಹಾಗೆಲ್ಲ ಹೇಳೋಕ್ ಬರಲ್ಲ ಆಂಟಿ. ಯಾವುದು ಅಂತ ನೀವು ಮೊದ್ಲು ಹೇಳ್ಬೇಕು. ಆಮೇಲೆ ಎಷ್ಟು ಅಂತ ನಾನು ಹೇಳ್ತೀನಿ."

"ಎಷ್ಟು ಅಂತ ಗೊತ್ತಾಗದೆ ಯಾವುದು ಅಂತ ಹೇಗಮ್ಮ ಹೇಳೋದು?"

"ಎಲ್ರೂ ಹಾಗೇ ಹೇಳ್ತಾರಲ್ಲ ಆಂಟಿ," ಅಂದಳು ಪಾಪ, ನನಗೇ ಬುದ್ಧಿ ಕಡಿಮೆ ಅನ್ನುವ ಹಾಗೆ.

ನಮ್ಮ ಮುಂದೆ ಒಬ್ಬ ಗಾರೆ ಕೆಲಸದವನು ನಿಂತಿದ್ದ. ಅವನಿಗೂ ಅದೇ ಕಾಯಿಲೆ, ಅದೇ ಸ್ಪ್ಲಿಂಟು, ಅವನದು ಬಲಗಾಲು ಅಷ್ಟೇ. ಕಾರ್ಡು ಗೀರ್ಡು ಏನೂ ಇಲ್ಲದ ಮನುಷ್ಯ, ನೋಟು ಎಣಿಸಿ ಕೊಟ್ಟು ಸ್ಪ್ಲಿಂಟನ್ನು ಬಗಲಲ್ಲಿಟ್ಟುಕೊಂಡು ತಿರುಗಿದ. "ಸ್ವಲ್ಪ ಕೊಡಣ್ಣ, ನೋಡಿ ಕೊಡ್ತೀನಿ," ಅಂತ ಇಸಕೊಂಡು ಅಂಗೈಯಲ್ಲಿ ತೂಗಿದೆ. ನಾಲ್ಕುನೂರು ಗ್ರಾಮಿಗೆ ಒಂದು ಚೂರು ಕಡಿಮೆ. ರಸೀದಿಯಲ್ಲಿ ಮೂರು ಸಾವಿರದ ಒಂಬೈನೂರು ಅಂತಿತ್ತು. ಅವನಿಗೆ ನಾಚಿಕೆಯಾಗಿ ರಸೀದಿಯನ್ನು ಮಡಚಿ ಲುಂಗಿಯ ಮಡಿಕೆಗೆ ಸಿಕ್ಕಿಸಿಕೊಂಡು ಹೋದ. ಎಂಥ ಹಗುರದ ವಸ್ತು, ಪುಣ್ಯಾತ್ಮನಿಗೆ ಹೊರೆಯೇ ಇಲ್ಲ ಅಂತ ನನಗೆ ಖುಷಿಯಾಯಿತು. ಇವರ ಕಡೆ ತಿರುಗಿ "ರೀ, ಕ್ಯಾಶ್ ಅನ್ನಿ," ಅನ್ನುವಷ್ಟರಲ್ಲಿ ಇವರು ಕಾರ್ಡನ್ನು ಕೌಂಟರಿನ ಮೇಲೆ ಟಪ್ಪಂತ ಇಟ್ಟಾಗಿತ್ತು.

ಹುಡುಗಿ ಕಾರ್ಡು ಗೀರಿದಳು. ಕಂಪ್ಯೂಟರು ಸ್ವಲ್ಪ ಹೊತ್ತು ಯೋಚನೆ ಮಾಡಿ ಒಂದು ಅಂದಾಜು ಪಟ್ಟಿ ಹೊರಹಾಕಿತು. ನಲವತ್ತೆಂಟು ಸಾವಿರದ ಆರುನೂರು. ಅದರಲ್ಲಿ ವಿಮೆ ಕಂಪನಿ ಕೊಡುವುದು ಹತ್ತರಲ್ಲಿ ಒಂಬತ್ತು ಪಾಲು. ಒಂದು ಪಾಲು ನಮ್ಮದು, ಅಂದರೆ ನಾಲ್ಕು ಸಾವಿರದ ಎಂಟುನೂರ ಅರವತ್ತು.

ನಾನು ಬೆರಳು ಮಡಚಿ ಎರಡು ಸಲ ಲೆಕ್ಕ ಹಾಕಿದೆ. "ರೀ! ಆ ಗಾರೆಯವರು ಪೂರ್ತಿ ಕೊಟ್ಟಿದ್ದಕ್ಕಿಂತ ನಮ್ಮ ಒಂದು ಪಾಲೇ ಸಾವಿರ ರೂಪಾಯಿ ಹತ್ರ ಜಾಸ್ತಿ ಕಣ್ರೀ!"

"ಮೆಲ್ಲಗೆ ಮಾತಾಡೆ."

"ಅಲ್ಲಾ, ಒಂಬತ್ತು ವರ್ಷ ದುಡ್ಡು ಕಟ್ಟಿ, ಈಗ ಕಾರ್ಡಿಲ್ಲದೋರಿಗಿಂತ ಜಾಸ್ತಿ ಕೊಟ್ಟು, ಮೇಲಿಂದ ಹತ್ತುಪಟ್ಟು ಭಾರ ಹೊತ್ಕೊಂಡು ಹೋಗೋದಾ? ಇದ್ಯಾವ ಮಹಿಮೆ?"

ಅದನ್ನು ಬದಲಾಯಿಸಿ ಕೊಡು ಅಂತ ಕೇಳಿದರೆ ಹುಡುಗಿ, ಕಾರ್ಡು ಒಂದು ಸಲ ಒಳಗೆ ಹೋದರೆ ಈಚೆ ಬರುವುದಿಲ್ಲ, ಮ್ಯಾನೇಜರನ್ನು ಕೇಳಿ ಅಂದಳು. ಮ್ಯಾನೇಜರ್ ಪ್ರಾಣೇಶ ಅನ್ನುವವರ ಕೋಣೆ ತಣ್ಣಗಿತ್ತು. ನಮ್ಮನ್ನು ಕೂರಿಸಿ, ಕಾಫಿ ತರಿಸಿ, ಅಂದಾಜು ಪಟ್ಟಿಯನ್ನು ಪ್ರಸಾದ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದರು.

"ನೋಡಿ ತಾಯಿ, ಈ ಸ್ಪ್ಲಿಂಟಿನ ನಿಜವಾದ ಬೆಲೆ ಒಂದು ಲಕ್ಷದ ಇಪ್ಪತ್ತೊಂದು ಸಾವಿರದ ಐನೂರು. ಕಂಪನಿ ಜೊತೆ ಒಪ್ಪಂದ ಇರೋದ್ರಿಂದ ನಿಮಗೆ ನೂರಕ್ಕೆ ಅರವತ್ತು ರಿಯಾಯ್ತಿ. ಎಪ್ಪತ್ತೆರಡು ಸಾವಿರದ ಒಂಬೈನೂರು ರೂಪಾಯಿ ನಿಮಗೆ ಉಳಿತಾಯ!"

"ಆ ಒಂದು ಲಕ್ಷ ಚಿಲ್ಲರೆ ಕೊಟ್ಟು ಯಾರಾದ್ರೂ ತಗೊಂಡಿದಾರಾ ಸಾರ್?"

"ಯಾರೂ ಇಲ್ಲ. ಅಷ್ಟು ಕೊಡೋಕೆ ಯಾರಿಗೆ ಆಗುತ್ತೆ?"

"ಮತ್ತೆ ಅದು ನಿಜವಾದ ಬೆಲೆ ಹೇಗಾಯ್ತು?"

"ರಿಯಾಯ್ತಿ ಕೊಡಬೇಕು ಅಂದ್ರೆ ಒಂದು ನಿಜವಾದ ಬೆಲೆ ಬೇಕಲ್ಲ ತಾಯಿ," ಅಂದರು ಪ್ರಾಣೇಶರು. ಈ ಮನುಷ್ಯನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ಹೇಳಿದ್ದನ್ನೆಲ್ಲ ಮನಸಾರೆ ನಂಬಿದ್ದರು. ಅಂಥವರ ಜೊತೆ ಜಗಳಕ್ಕೆ ಹಿಡಿತ ಸಿಗುವುದಿಲ್ಲ.

ನಾನು ಕಾಫಿ ಮುಟ್ಟಲಿಲ್ಲ. ನಮಗೆ ರಿಯಾಯ್ತಿಯೂ ಬೇಡ ಉಳಿತಾಯವೂ ಬೇಡ, ಕ್ಯಾಶ್ ರೇಟಿಗೆ ಕೊಟ್ಟುಬಿಡಿ ಅಂದೆ. ಅವರಿಗೆ ನೋವಾಯಿತು. "ಕ್ಯಾಶ್ ರೇಟು ಗತಿಯಿಲ್ಲದವರಿಗೆ ತಾಯಿ. ನಿಮಗೆ ಕಾರ್ಡಿದೆ. ಕಾರ್ಡಿರೋರಿಗೆ ಆ ರೇಟು ಕೊಟ್ರೆ ಕಂಪನಿಯೋರು ನಮ್ಮನ್ನ ಸುಮ್ನೆ ಬಿಡಲ್ಲ."

"ಕಾರ್ಡು ವಾಪಸ್ ಕೊಟ್ಬಿಟ್ರೆ?"

"ಯಜಮಾನರು ಕೆಲಸದಲ್ಲಿ ಇರೋವರೆಗೂ ಕಾರ್ಡು ಹೋಗಲ್ಲ. ಕೆಲಸ ಬಿಟ್ಟಿದಾರೆ ಅಂತ ಕಚೇರಿಯಿಂದ ಒಂದು ಪತ್ರ ತನ್ನಿ, ಅವತ್ತೇ ಮೂರು ಸಾವಿರದ ಒಂಬೈನೂರಕ್ಕೆ ಕೊಡ್ತೀವಿ."

ಅಂದರೆ ಕೆಲಸ ಉಳಿಯಲು ಇವರು ನಡೆಯಬೇಕು, ನಡೆಯಲು ಹಗುರದ ಸ್ಪ್ಲಿಂಟು ಬೇಕು, ಹಗುರದ ಸ್ಪ್ಲಿಂಟು ಸಿಗಬೇಕಾದರೆ ಕೆಲಸ ಹೋಗಬೇಕು! ನನ್ನ ಮೈಯೆಲ್ಲ ಉರಿದುಹೋಯಿತು. ಪಕ್ಕಕ್ಕೆ ತಿರುಗಿ ನೋಡಿದರೆ ನಮ್ಮ ಯಜಮಾನರು ಕಾಫಿ ಹೀರುತ್ತಾ "ಎಪ್ಪತ್ತೆರಡು ಸಾವಿರ ಉಳೀತಲ್ಲೇ," ಅಂತ ಮುಗುಳ್ನಗುತ್ತಿದ್ದರು.

ಸ್ಪ್ಲಿಂಟು ಮಾಡುವವರು ದಸ್ತಗೀರ್ ಸಾಬರು. ಅರವತ್ತು ದಾಟಿದ ಮನುಷ್ಯ, ಬೆರಳ ಸಂದಿಯಲ್ಲೆಲ್ಲ ಪ್ಲಾಸ್ಟರಿನ ಬಿಳಿ. ಇವರ ಕಾಲಿಗೆ ಒದ್ದೆ ಪ್ಲಾಸ್ಟರು ಸುತ್ತಿ ಅಚ್ಚು ತೆಗೆದರು. ವಾರದ ನಂತರ ಹೋದಾಗ ಹೊಸ ಸ್ಪ್ಲಿಂಟನ್ನು ಇವರ ಕಾಲಿಗೆ ಹಾಕಿ, ಪಟ್ಟಿ ಬಿಗಿದು, ಅಂಚು ಎಲ್ಲಿ ಒತ್ತುತ್ತದೆ ಅಂತ ಬೆರಳಾಡಿಸಿ ನೋಡಿದರು. ಬಿಲ್ಲಾಗದ ವಸ್ತು, ಹಾಗಾಗಿ ಇನ್ನೂ ಪ್ಲಾಸ್ಟಿಕ್ಕಿನ ಸ್ವಂತ ತೂಕವೇ ಇತ್ತು. ಇವರು ಎದ್ದು ಎರಡು ಹೆಜ್ಜೆ ಇಟ್ಟರು. ಪಾದ ನೆಟ್ಟಗೆ ನಿಂತಿತ್ತು! ತಿಂಗಳಿನಿಂದ ನೆಲ ಗೀರುತ್ತಿದ್ದ ಕಾಲು ನೆಲ ಬಿಟ್ಟು ಎದ್ದದ್ದನ್ನು ನೋಡಿ ನನ್ನ ಕಣ್ಣು ತುಂಬಿತು. ಮೂರನೆಯ ಹೆಜ್ಜೆ ಎತ್ತಿದ್ದರು, ಕೌಂಟರಿನಲ್ಲಿ ಹುಡುಗಿ ಬಿಲ್ಲು ಒತ್ತಿದಳು. ಎತ್ತಿದ ಕಾಲು ಧೊಪ್ಪಂತ ಕೆಳಗೆ ಬಂದು, ಗಾಜಿನ ಬೀರುವಿನಲ್ಲಿದ್ದ ಪಟ್ಟಿಗಳೆಲ್ಲ ಅಲುಗಾಡಿದವು.

ದಸ್ತಗೀರ್ ಸಾಬರು ತಲೆಗೆ ಕೈ ಹೊತ್ತರು. "ಮೂವತ್ತು ವರ್ಷದಿಂದ ಹಗುರವಾಗಿ ಮಾಡೋದನ್ನೇ ಕಲಿತೆ ಅಮ್ಮಾ. ಅಂಚು ತೆಳ್ಳಗೆ ಮಾಡ್ತೀನಿ, ತೂತು ಹೊಡೀತೀನಿ, ಒಂದೊಂದು ಗ್ರಾಮೂ ಉಳಿಸ್ತೀನಿ. ಅಲ್ಲಿ ಕೌಂಟರಲ್ಲಿ ಒಂದು ಬಟನ್ ಒತ್ತುತ್ತಾರೆ, ಮುಗೀತು."

ಮನೆಗೆ ನಡೆದೇ ಬಂದೆವು, ಇವರ ಹಟಕ್ಕೆ. ಹೆಚ್ಚುಕಡಿಮೆ ಐದು ಕೇಜಿಯನ್ನು ಒಂದೇ ಕಾಲಿಗೆ ಕಟ್ಟಿಕೊಂಡು, ಹೆಜ್ಜೆಗೊಮ್ಮೆ ಸೊಂಟ ತಿರುಗಿಸಿ ಕಾಲನ್ನು ಎಳೆದು ಎಳೆದು ಇಡುತ್ತಾ ಬರುತ್ತಿದ್ದರೆ ಅಂಗಡಿಯವರೆಲ್ಲ ಎದ್ದು ನಿಂತರು. ಆ ಸದ್ದೇ ಬೆಲೆ ಹೇಳುತ್ತಿತ್ತು. "ವೀರಭದ್ರಯ್ಯನೋರೇ, ಐವತ್ತು ಸಾವಿರದ್ದಾ?" ಅಂತ, ತಾನೂ ಕಾರ್ಡಿನ ಮೇಲೆ ಸೊಂಟದ ಬೆಲ್ಟು ಕೊಂಡಿದ್ದ ಎಣ್ಣೆ ಅಂಗಡಿಯವನು ಕೇಳಿದ. ಮೂವತ್ತು ವರ್ಷ ಏಕವಚನದಲ್ಲಿ ಕೂಗುತ್ತಿದ್ದವನ ಬಾಯಲ್ಲಿ ಬಹುವಚನ! "ಹತ್ತಿರ ಹತ್ತಿರ," ಅಂದರು ಇವರು, ಬೆವರು ಒರೆಸಿಕೊಳ್ಳುತ್ತಾ. ಮುಖ ಹೂವಿನಂತೆ ಅರಳಿತ್ತು.

ನಾಲ್ಕು ದಿನ ಅಭ್ಯಾಸ ಮಾಡಿದರು. ಮೊದಲನೆಯ ದಿನ ಬಾವಿಕಟ್ಟೆಯವರೆಗೆ ಹೋದರು. ಎರಡನೆಯ ದಿನ ಮೊಣಕಾಲು ಊದಿತು. ಮೂರನೆಯ ದಿನ ಅಂಗಳದಲ್ಲೇ ಬಿದ್ದರು. ನಾಲ್ಕನೆಯ ದಿನ ಮಂಚದಿಂದ ಇಳಿಯಲಿಲ್ಲ, ಆದರೆ ನೋಡಲು ಬಂದವರಿಗೆಲ್ಲ ಸ್ಪ್ಲಿಂಟನ್ನು ಎತ್ತಲು ಕೊಟ್ಟು "ಎರಡೂ ಕೈಲಿ ಹಿಡ್ಕೊಳ್ಳಿ, ಎರಡೂ ಕೈಲಿ," ಅನ್ನುತ್ತಿದ್ದರು. ಐದನೇ ತಾರೀಕಿಗೆ ಇನ್ನು ಹನ್ನೆರಡು ದಿನವಿತ್ತು. ಗಡಿಯಾರ ಕಂಬಕ್ಕೆ ಹೋಗಿ ಬರುವುದಿರಲಿ, ಈ ಗಂಡಸು ಬಚ್ಚಲಿಗೆ ಹೋಗಿ ಬಂದರೆ ಸಾಕು ಅನ್ನುವಂತಾಯಿತು. ನಾನು ಸುಮ್ಮನೆ ಕೂರುವವಳಲ್ಲ.

ಪಕ್ಕದ ಮನೆಯ ಸಣ್ಣತಾಯಮ್ಮ ಹೂವು ಮಾರುವವಳು. ಹೆಸರಿಗೆ ತಕ್ಕ ಆಳು, ನನ್ನ ಭುಜಕ್ಕೆ ಬರುತ್ತಾಳೆ. ಎರಡು ಕಾಲೂ ಜಿಂಕೆಯ ಹಾಗಿವೆ. ಅವಳಲ್ಲಿರುವ ದೊಡ್ಡ ಆಸ್ತಿ ಅಂದರೆ, ಅವಳಿಗೆ ಯಾವ ಕಾರ್ಡೂ ಇಲ್ಲ. ವಿಷಯ ಹೇಳಿದ್ದೇ ತಡ, "ಕುಂಟೋದು ತಾನೇ ಅಕ್ಕಾ? ಬಾ, ಎಡಗಾಲೋ ಬಲಗಾಲೋ ಹೇಳು," ಅಂತ ಸೆರಗು ಸಿಕ್ಕಿಸಿಕೊಂಡು ಎದ್ದಳು.

ಮೊದಲು ದಸ್ತಗೀರ್ ಸಾಬರನ್ನು ಕಂಡೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ, "ನಿಮ್ಮೋರ ಅಚ್ಚು ಇನ್ನೂ ಕಪಾಟಲ್ಲೇ ಇದೆ. ಕೌಂಟರಿಂದ ಯಾರ ಹೆಸರಲ್ಲಿ ಚೀಟಿ ಬರುತ್ತೋ ನನಗೇನು, ನಾನು ಚೀಟಿ ನೋಡಿ ಕೆಲಸ ಮಾಡೋನು," ಅಂದರು. ಸಣ್ಣತಾಯಮ್ಮ ನಾನು ಚೀಟಿ ಕಟ್ಟಿ ಕೂಡಿಟ್ಟಿದ್ದ ದುಡ್ಡನ್ನು ಮುಷ್ಟಿಯಲ್ಲಿ ಹಿಡಿದು ಕೌಂಟರಿಗೆ ಹೋದಳು. ಹೋಗುವಾಗ ಎಡಗಾಲು ಕುಂಟಿದಳು, ಅರ್ಧ ದಾರಿಯಲ್ಲಿ ಮರೆತು ಬಲಗಾಲು ಕುಂಟಿದಳು. ಕೌಂಟರಿನ ಹುಡುಗಿ ಕಾಲನ್ನು ನೋಡಿದ್ದರೆ ತಾನೇ! "ಕ್ಯಾಶಾ, ಇನ್ಶೂರೆನ್ಸಾ?" ಅಂದಳು. "ಕ್ಯಾಶು ಕಣವ್ವ," ಅಂದಳು ಇವಳು. ಮೂರು ಸಾವಿರದ ಒಂಬೈನೂರು. ವಾರದ ಮೇಲೆ, ಐದಡಿ ಎಂಟಂಗುಲದ ಗಂಡಸಿನ ಅಳತೆಯ ಸ್ಪ್ಲಿಂಟು ನಾಲ್ಕೂವರೆ ಅಡಿಯ ಸಣ್ಣತಾಯಮ್ಮನ ಹೆಸರಿನಲ್ಲಿ, ಹೂವಿನ ಬುಟ್ಟಿಯೊಳಗೆ ಸೇವಂತಿಗೆಯ ಕೆಳಗೆ ಮಲಗಿ ನಮ್ಮ ಮನೆಗೆ ಬಂತು. ಮುನ್ನೂರ ತೊಂಬತ್ತು ಗ್ರಾಂ.

ಇವರು ಅದನ್ನು ಹಾಕಿಕೊಂಡು ಒಳಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಒಳಮನೆಗೆ ಹತ್ತು ಸಲ ನಡೆದರು. ಒಂದು ಸಲವೂ ಮುಗ್ಗರಿಸಲಿಲ್ಲ. ಹನ್ನೊಂದನೆಯ ಸಲಕ್ಕೆ ಬೀದಿಗೆ ಇಳಿಯಿರಿ ಅಂದರೆ ಬಾಗಿಲಲ್ಲೇ ನಿಂತರು.

"ಜನ ನೋಡ್ತಾರೆ ಕಣೆ."

"ನೋಡ್ಲಿ."

"ಮೊನ್ನೆ ಐವತ್ತು ಸಾವಿರ ಅಂದಿದ್ದೀನಿ. ಈಗ ಕಾಲು ಹೀಗೆ ಪುಟುಪುಟು ಅಂತ ಎತ್ತಿದ್ರೆ ಸುಳ್ಳುಗಾರ ಅನ್ನಲ್ವಾ? ಒಳಗೇ ಅಭ್ಯಾಸ ಮಾಡ್ತೀನಿ ಬಿಡು. ಅವತ್ತು ಇದನ್ನೇ ಹಾಕ್ಕೊಂಡ್ ಹೋಗ್ತೀನಿ."

"ನನ್ನಾಣೆ?"

"ನಿನ್ನಾಣೆ."

ಆಣೆ ಇಟ್ಟ ಮೇಲೆ ನಂಬದಿರಲು ನಾನೇನು ಪೊಲೀಸೇ? ನಂಬಿದೆ.

ಐದನೇ ತಾರೀಕು ಬೆಳಗ್ಗೆ ಟಪಾಲು ಕಚೇರಿಯ ಮುಂದೆ ಹೋಗಿ ನೋಡಿದರೆ ಜಾತ್ರೆ! ಅರ್ಧ ಊರೇ ನೆರೆದಿದೆ. ಮಧ್ಯದಲ್ಲಿ ಪ್ರಾಣೇಶರು, ಪಕ್ಕದಲ್ಲಿ ಒಬ್ಬ ಫೋಟೋಗ್ರಾಫರು, ಹಿಂದೆ "ವಿಮೆ ಇದ್ದವರ ನಡೆಯೇ ಬೇರೆ" ಅಂತ ಬರೆದ ಬ್ಯಾನರು. ನಮ್ಮ ಯಜಮಾನರು ಯಾರ ಹತ್ತಿರವೋ ತಾರೀಕು ಹೇಳಿಕೊಂಡು ಮೆರೆದಿದ್ದು ಆಸ್ಪತ್ರೆಯವರೆಗೂ ಮುಟ್ಟಿ, ಹೊಸ ವರ್ಷದ ಕ್ಯಾಲೆಂಡರಿಗೆ ಇವರ ಕಾಲಿನ ಫೋಟೋ ಹಾಕಬೇಕು ಅಂತ ತೀರ್ಮಾನವಾಗಿತ್ತಂತೆ. ಫೋಟೋಗ್ರಾಫರು ಇವರನ್ನು ನಿಲ್ಲಿಸಿ, "ಸಾರ್, ಕಾಲು ಎತ್ತುವಾಗ ಸ್ವಲ್ಪ ಭಾರ ಕಾಣ್ಲಿ," ಅಂದ.  ಈ ಹಗುರ ಕಾಲಿನ ಗುಟ್ಟು ಇಷ್ಟು ಜನರ ಮುಂದೆ ಬಯಲಾಗುತ್ತದಲ್ಲ, ಇವರು ನಾಚಿಕೆಯಿಂದ ಕುಸಿದಾರಲ್ಲ ಅಂತ ನನಗೆ ಚಿಂತೆ ಹತ್ತಿತು. ಆದರೆ ಇವರು ಆರಾಮವಾಗಿದ್ದರು. ಪ್ಯಾಂಟಿನ ಕಾಲು ಪಾದದವರೆಗೂ ಇಳಿಬಿಟ್ಟಿದ್ದರು. ಚೀಲ ಹೆಗಲಿಗೇರಿಸಿ, ಪೋಸ್ಟ್‌ಮಾಸ್ಟರು ಗಡಿಯಾರ ನೋಡಿ "ಹೂಂ" ಅಂದಾಗ ಹೊರಟರು.

ಹೆಜ್ಜೆ ಇಟ್ಟದ್ದು ನೋಡಿ ನನಗೆ ಅನುಮಾನ ಬಂತು. ಸೊಂಟ ತಿರುಗುತ್ತಿದೆ, ಕಾಲು ಎಳೆಯುತ್ತಿದೆ, ಧೊಪ್ ಧೊಪ್ ಅಂತ ಸದ್ದೂ ಬರುತ್ತಿದೆ. ನಟನೆ ಇರಬೇಕು, ಕ್ಯಾಲೆಂಡರಿಗೆ ಅಂತ ಸಮಾಧಾನ ಮಾಡಿಕೊಂಡೆ. ಜನ ಚಪ್ಪಾಳೆ ತಟ್ಟಿದರು. ಇವರು ಮೀಸೆಯಲ್ಲೇ ನಗುತ್ತಾ ಹೋದರು. ನಾನೂ ಸಣ್ಣತಾಯಮ್ಮನೂ ಬೀದಿಯ ಅಂಚಿನಲ್ಲಿ ಜೊತೆಗೇ ನಡೆದೆವು. ಗಡಿಯಾರ ಕಂಬ ಮುಟ್ಟಿ ತಿರುಗಿದಾಗ ಹದಿನೇಳು ನಿಮಿಷ ಕಳೆದಿತ್ತು. ಮುಖದಲ್ಲಿ ನಗು ಇರಲಿಲ್ಲ, ಶರ್ಟು ಬೆನ್ನಿಗೆ ಅಂಟಿತ್ತು. ಇದು ನಟನೆಯಲ್ಲ ಅಂತ ಆಗ ಗೊತ್ತಾಯಿತು. ಎಣ್ಣೆ ಅಂಗಡಿಯ ಹತ್ತಿರ ಬರುವಷ್ಟರಲ್ಲಿ ಎಡಗಾಲು ಎಳೆದರೂ ಬರಲಿಲ್ಲ. ಮುಂದಕ್ಕೆ ವಾಲಿದರು. ಇನ್ನೇನು ಬೀಳಬೇಕು, ದೀಪದ ಕಂಬ ಕೈಗೆ ಸಿಕ್ಕಿತು, ತಬ್ಬಿಕೊಂಡು ನಿಂತರು.

ನಾನು ಓಡಿಹೋಗಿ ಅವರ ಕಾಲ ಹತ್ತಿರ ಕೂತು ಪ್ಯಾಂಟು ಮೇಲೆತ್ತಿದೆ. ಸ್ಪ್ಲಿಂಟು ಹಗುರದ್ದೇ, ಆಣೆ ತಪ್ಪಿರಲಿಲ್ಲ. ಆದರೆ ಅದರ ಸುತ್ತ ನನ್ನದೇ ಹಳೇ ರವಿಕೆ ಬಟ್ಟೆಯ ಎರಡು ಉದ್ದ ಚೀಲಗಳನ್ನು ಟಪಾಲಿನ ಹುರಿಯಿಂದ ಬಿಗಿದು ಕಟ್ಟಿದ್ದರು. ಹಲ್ಲಿನಿಂದ ಗಂಟು ಬಿಚ್ಚಿದೆ. ಹೊಳೆಯ ಬೆಣಚುಕಲ್ಲುಗಳು, ಒಂದೊಂದೂ ಕೋಳಿಮೊಟ್ಟೆ ಗಾತ್ರದವು, ಗಳಗಳ ಅಂತ ಬೀದಿಯ ತುಂಬಾ ಉರುಳಿದವು. ನಾಲ್ಕೂವರೆ ಕೇಜಿಗೆ ಸರಿಯಾಗಿ ಆರಿಸಿ ತಂದಿದ್ದರು ಮಹಾನುಭಾವರು! ಅಗ್ಗದ ಸೀರೆಯ ನೆರಿಗೆಗೆ ಕಲ್ಲು ಕಟ್ಟಿಕೊಂಡು ಮದುವೆಗೆ ಬರುವ ಹೆಂಗಸರನ್ನು ಕಂಡಿದ್ದೆ. ಕೆಟ್ಟ ಕಾಲಿಗೆ ಕಲ್ಲು ಕಟ್ಟಿಕೊಂಡು ನಡೆಯುವ ಪರೀಕ್ಷೆಗೆ ಬಂದ ಗಂಡಸನ್ನು ಕಂಡದ್ದು ಅದೇ ಮೊದಲು.

ಬೀದಿಯವರು ಕತ್ತು ಚಾಚಿ ಕಲ್ಲುಗಳನ್ನು ನೋಡಿದರು. ಆಮೇಲೆ ಯಾರೋ ಕಿಸಕ್ಕೆಂದರು, ಅದರ ಹಿಂದೆ ಎಲ್ಲರೂ. ಇವರು ಕಂಬಕ್ಕೆ ಮುಖ ಒತ್ತಿಕೊಂಡರು.

ನನಗೆ ಬೈಯಬೇಕು ಅನ್ನಿಸಿತು. ಬೈಗುಳ ಬಾಯಿಯವರೆಗೂ ಬಂದಿತ್ತು. ಆದರೆ ಆ ಮನುಷ್ಯನ ಹೆಗಲು ಅಲುಗುತ್ತಿದ್ದದ್ದು ನೋಡಿ ನನಗೇ ಅಳು ಬಂತು.

"ಯಾಕ್ರೀ ಹೀಗ್ ಮಾಡಿದ್ರಿ?"

"ಮೂವತ್ತು ವರ್ಷ ಕಣೆ," ಅಂದರು, ಮುಖ ಕಂಬಕ್ಕೇ ಒತ್ತಿಕೊಂಡು. "ಮೂವತ್ತು ವರ್ಷ ಈ ಬೀದೀಲಿ ಇವರೆಲ್ಲ ನಗ್ತಾ ಬಂದಿದಾರೆ. ಒಂದೇ ಒಂದು ದಿನ ಭಾರವಾಗಿ ನಡೀಬೇಕು ಅನ್ನಿಸ್ತು."

"ನಡೆದ್ರಲ್ಲ, ಆಯ್ತಲ್ಲ. ಗಡಿಯಾರ ಕಂಬದವರೆಗೂ ಭಾರವಾಗೇ ಹೋಗಿ ಬಂದ್ರಿ. ಇನ್ನು ಕಾಲು ಭಾಗ ದಾರಿ ಇದೆ, ಇಲ್ಲಿಂದ ನನಗೋಸ್ಕರ ನಡೀರಿ. ಆ ನಗೋರು ನಾಳೆ ಬಂದು ನಮ್ಮನೇಲಿ ಅನ್ನ ಬೇಯಿಸಿ ಹಾಕ್ತಾರಾ? ನಿಮ್ಮ ಕಾಲು ನಿಂತ್ರೆ ನಮ್ಮ ಮನೆ ನಿಲ್ಲುತ್ತೆ. ನಂಗೆ ನಿಮ್ಮ ಕಾಲು ಬೇಕು ಕಣ್ರೀ, ಅದರ ತೂಕ ಅಲ್ಲ."

ಸಣ್ಣತಾಯಮ್ಮ ಸೊಂಟದ ಮೇಲೆ ಕೈಯಿಟ್ಟು ಜನರ ಕಡೆ ತಿರುಗಿ, "ಏನ್ರಪ್ಪ ಕಿಸಿಯೋದು? ನಿಮ್ಮ ನಿಮ್ಮ ನೆರಿಗೆ ಜೇಬು ಎಲ್ಲ ಈಗ್ಲೇ ಇಲ್ಲೇ ಬಿಚ್ಚಿಸ್ಲಾ?" ಅಂದಳು. ಊರಿನ ಅರ್ಧ ಹೆಂಗಸರ ಸೀರೆ ಉಡಿಸಿ ಹೂ ಮುಡಿಸುವವಳು ಅವಳು. ನಾಲ್ಕಾರು ಹೆಂಗಸರು ಮೆಲ್ಲಗೆ ನೆರಿಗೆ ಅದುಮಿಕೊಂಡು ಹಿಂದೆ ಸರಿದರು.

ಇವರು ಕಂಬ ಬಿಟ್ಟರು. ಕಣ್ಣೊರೆಸಿಕೊಂಡು ಒಂದು ಹೆಜ್ಜೆ ಇಟ್ಟರು. ಕಾಲು ಎದ್ದಿತು. ಇನ್ನೊಂದು. ಮೊದಲು ತಲೆ ತಗ್ಗಿಸಿಕೊಂಡು ನಡೆದರು, ಹತ್ತು ಮಾರು ಹೋದ ಮೇಲೆ ತಲೆ ಎತ್ತಿದರು. ಕೊನೆಗೆ ಹೇಗೆ ನಡೆದರೆಂದರೆ ಜೊತೆಯಲ್ಲಿ ನಾನು ಓಡಬೇಕಾಯಿತು. ಕಚೇರಿ ಮುಟ್ಟಿದಾಗ ಪೋಸ್ಟ್‌ಮಾಸ್ಟರು ಗಡಿಯಾರ ನೋಡಿ "ಇಪ್ಪತ್ತೆಂಟು ನಿಮಿಷ" ಅಂದರು.

ಪ್ರಾಣೇಶರು ಮುಂದೆ ನುಗ್ಗಿದರು. ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. "ಇದು ನಾವು ಕೊಟ್ಟ ಸ್ಪ್ಲಿಂಟ್ ಅಲ್ಲ ಸಾರ್. ಇಷ್ಟು ಹಗುರ ಇದ್ರೆ ಕ್ಯಾಶಿಂದು. ಕಾರ್ಡಿರೋರು ಕ್ಯಾಶಿಂದು ಹಾಕ್ಕೊಂಡು ನಡೆಯೋ ಹಾಗಿಲ್ಲ. ಈ ನಡಿಗೆ ಲೆಕ್ಕಕ್ಕೆ ಬರಲ್ಲ!"

ತಿರುನಾರಾಯಣರು ನಿಯಮದ ಪುಸ್ತಕ ತೆಗೆದು ಬೆರಳಿಟ್ಟು ಓದಿದರು. ಹೋಗಬೇಕು, ಬರಬೇಕು, ಬೀಳಬಾರದು ಅಂತಷ್ಟೇ ಇತ್ತು. "ಕಂಬ ಹಿಡಿದುಕೊಳ್ಳಬಾರದು ಅಂತಲೂ ಇಲ್ಲ," ಅಂದರು. ಆಮೇಲೆ ರಿಜಿಸ್ಟರು ಬಿಚ್ಚಿ ಪೆನ್ನಿನ ಮುಚ್ಚಳ ತೆಗೆದರು. "ಬಳಸಿದ ಸಾಧನದ ಬೆಲೆ ಅಂತ ಒಂದು ಕಾಲಂ ಇದೆ. ಹೇಳಿ ವೀರಭದ್ರಯ್ಯ, ಎಷ್ಟು ಬರೀಲಿ?"

ಇವರು ಅಭ್ಯಾಸಬಲದಿಂದ ಮೇಜಿನ ಮೇಲೆ ಬಾಗಿ ಅವರ ಕಿವಿಯ ಹತ್ತಿರ ಹೋದರು. ಇಡೀ ಬೀದಿ ಬಾಗಿಲಲ್ಲಿ ಕಿವಿಗೊಟ್ಟು ನಿಂತಿತ್ತು. ಇವರು ನನ್ನ ಮುಖ ನೋಡಿದರು. ಹೇಳಬೇಕಾದದ್ದನ್ನು ನಾನು ಆಗಲೇ ಹೇಳಿಯಾಗಿತ್ತು. ಇವರು ನೆಟ್ಟಗೆ ನಿಂತು ಒಮ್ಮೆ ಕೆಮ್ಮಿದರು. ರಿಜಿಸ್ಟರ್ಡ್ ಕಾಗದ ಬಂದಾಗ ಬಾಗಿಲಲ್ಲಿ ನಿಂತು, ಹಿತ್ತಲಿನಲ್ಲಿ ಪಾತ್ರೆ ತೊಳೆಯುವವರಿಗೂ ಕೇಳುವ ಹಾಗೆ ಕೂಗುವ ಒಂದು ದನಿ ಇದೆ ಇವರಿಗೆ. ಆ ದನಿಯಲ್ಲಿ ಹೇಳಿದರು:

"ಮೂರು ಸಾವಿರದ ಒಂಬೈನೂರು ಸಾರ್! ನಗದು!"

ಬಾಗಿಲಲ್ಲಿ ಯಾರೂ ನಗಲಿಲ್ಲ. ಜನರ ಮಧ್ಯದಿಂದ ಸೊಂಟದ ಬೆಲ್ಟು ಹಾಕಿಕೊಂಡಿದ್ದ ಎಣ್ಣೆ ಅಂಗಡಿಯವನು ಎರಡು ಕೈಯಲ್ಲೂ ಬೆಲ್ಟನ್ನು ಎತ್ತಿ ಹಿಡಿದುಕೊಂಡು ನಿಧಾನವಾಗಿ ಪ್ರಾಣೇಶರ ಕಡೆ ತಿರುಗಿದ. ಅವನು ಕೇಳಿದ್ದೇನೋ, ಅವರು ಹೇಳಿದ್ದೇನೋ ನನಗೆ ಗೊತ್ತಿಲ್ಲ. ನಮ್ಮ ಯಜಮಾನರು ಅಷ್ಟರಲ್ಲಿ ಅವತ್ತಿನ ಕಾಗದಗಳನ್ನು ಚೀಲಕ್ಕೆ ತುಂಬಿಕೊಂಡು ಬೀದಿಗೆ ಇಳಿದಿದ್ದರು, ನಾನು ಅವರು ನಡೆಯುವುದನ್ನು ನೋಡುತ್ತಾ ನಿಂತಿದ್ದೆ.